ಇಂಗ್ಲೆಂಡೋ, ಬ್ರಿಟನ್ನೋ, ಯುಕೆಯೋ?

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಕಾಲ. 1998 ಇರಬೇಕು. ಮಾಟುಂಗಾ ಕಡೆಯ ಹಿರಿಯರೊಬ್ಬರು, ನಮ್ಮ ಕನ್ನಡದವರೇ, ಹತ್ತು ಪೌಂಡಿನ ನಾಲ್ಕು ನೋಟು ತಂದು ಕೌಂಟರಿನ ಮೇಲಿಟ್ಟರು. ನೋಡಿದರೆ ರಾಣಿಯ ಚಿತ್ರವಿಲ್ಲ, ವಿಗ್ ಹಾಕಿದ ಯಾರೋ ಗಂಡಸು! ಮೇಲೆ "ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್" ಅಂತ ಬರೆದಿದೆ.

"ಸಾರ್, ಇದು ಇಂಗ್ಲೆಂಡಿನ ದುಡ್ಡಲ್ಲ" ಅಂದೆ.

"ನನ್ನ ಮಗ ಇಂಗ್ಲೆಂಡಿನಲ್ಲಿ ಎಲ್ಲಿದ್ದಾನಪ್ಪಾ? ಅವನಿರೋದು ಅಬರ್ಡೀನಿನಲ್ಲಿ. ದುಡ್ಡು ಪೌಂಡೇ ತಾನೆ?" ಅಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಹಿರಿಯ ಆಫೀಸರು ಬಂದು, ನೋಟು ಅಸಲಿಯೇ, ಆದರೆ ನಾವು ತೆಗೆದುಕೊಳ್ಳುವ ಪಟ್ಟಿಯಲ್ಲಿಲ್ಲ ಅಂತ ಕೈಮುಗಿದು ಕಳಿಸಿದರು. ಬಿಕಾಂ ಓದಿದವನು ನಾನು, ಚರಿತ್ರೆ ನನ್ನ ವಿಷಯವಲ್ಲ. ಆದರೂ ಆ ನೋಟು ತಲೆಯಲ್ಲಿ ಕೂತುಬಿಟ್ಟಿತು.

ಇಂಗ್ಲೆಂಡು ಒಂದು ಭಾಗ ಅಷ್ಟೆ. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸ್ ಮೂರೂ ಇರುವ ದ್ವೀಪ ಗ್ರೇಟ್ ಬ್ರಿಟನ್. ಇಲ್ಲಿನ "ಗ್ರೇಟ್" ಮಹಾನ್ ಅಂತಲ್ಲ ಮತ್ತೆ, ಫ್ರಾನ್ಸಿನ ಬ್ರಿಟನಿ ಪ್ರಾಂತಕ್ಕಿಂತ ದೊಡ್ಡದು ಅಂತ. ಇದಕ್ಕೆ ಉತ್ತರ ಐರ್ಲೆಂಡು ಸೇರಿಸಿದರೆ ಯುನೈಟೆಡ್ ಕಿಂಗ್‌ಡಮ್, ಅಂದರೆ ಯುಕೆ. ದೇಶ ಅನ್ನುವುದು ಇದೇ. ತಮಾಷೆ ಅಂದರೆ ಬೆಲ್‌ಫಾಸ್ಟಿನ ಬ್ಯಾಂಕಿಗೆ ಹಣ ಕಳಿಸಿದರೂ ಸ್ವಿಫ್ಟ್ ಕೋಡಿನಲ್ಲಿ ಬರುವುದು "ಜಿಬಿ". ಬೆಲ್‌ಫಾಸ್ಟ್ ಗ್ರೇಟ್ ಬ್ರಿಟನ್ನಿನಲ್ಲಿ ಇಲ್ಲವೇ ಇಲ್ಲ! ಅವರ ಕಾರುಗಳು ಹೊರದೇಶಕ್ಕೆ ಹೋಗುವಾಗ ಅಂಟಿಸುವ "ಜಿಬಿ" ಗುರುತು "ಯುಕೆ" ಆಗಿದ್ದು 2021ರಲ್ಲಿ.

ಈ ಹೆಸರುಗಳ ಹಿಂದೆ ಒಂದು ದೊಡ್ಡ ಲೆಕ್ಕಪತ್ರವೇ ಇದೆ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಶುರುವಾಗಲು ಯೋಜನೆ ಕೊಟ್ಟವನು ವಿಲಿಯಂ ಪ್ಯಾಟರ್ಸನ್. ಅವನು ಸ್ಕಾಟ್ಲೆಂಡಿನವನು! ಅದೇ ಮನುಷ್ಯ ತನ್ನ ನಾಡಿನವರಿಗೆ ಇನ್ನೊಂದು ಕನಸು ಮಾರಿದ: ಪನಾಮಾದ ಡೇರಿಯನ್ನಿನಲ್ಲಿ ಸ್ಕಾಟಿಷ್ ವಸಾಹತು. ಒಡೆಯರು, ವ್ಯಾಪಾರಿಗಳು, ಪಟ್ಟಣಸಭೆಗಳು ಎಲ್ಲ ಸೇರಿ ನಾಲ್ಕು ಲಕ್ಷ ಪೌಂಡಿನ ಷೇರಿಗೆ ಹೆಸರು ಬರೆಸಿದರು. 1698ರಲ್ಲಿ ಹಡಗು ಹೊರಟವು. ಜ್ವರ, ಹಸಿವು, ಸ್ಪೇನಿನವರ ಕಾಟ. ಹತ್ತಿರದ ಇಂಗ್ಲಿಷ್ ವಸಾಹತುಗಳಿಗೆ ಸಹಾಯ ಮಾಡಬೇಡಿ ಅಂತ ಆಜ್ಞೆ ಬೇರೆ. 1700ಕ್ಕೆ ಎಲ್ಲ ಮುಗಿಯಿತು. ಪ್ಯಾಟರ್ಸನ್ನನ ಹೆಂಡತಿ ಅಲ್ಲೇ ಸತ್ತಳು.

ದುಡ್ಡು ಕಳೆದುಕೊಂಡವರ ಮುಂದೆ ಇಂಗ್ಲೆಂಡು ಒಪ್ಪಂದ ಇಟ್ಟಿತು. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಒಂದಾಗಿ "ಗ್ರೇಟ್ ಬ್ರಿಟನ್" ಎಂಬ ರಾಜ್ಯ ಹುಟ್ಟಿತು. ಸ್ಕಾಟ್ಲೆಂಡಿಗೆ ಕೊಟ್ಟ ಮೊತ್ತ 3,98,085 ಪೌಂಡು 10 ಷಿಲಿಂಗು. ಆ ಹತ್ತು ಷಿಲಿಂಗು ನೋಡಿ, ಯಾರೋ ನಮ್ಮಂಥ ಗುಮಾಸ್ತ ಕೂತು ಟ್ಯಾಲಿ ಮಾಡಿದ್ದಾನೆ! ಇಂಗ್ಲೆಂಡಿನ ಸಾಲದ ಹೊರೆ ಇನ್ನು ಮೇಲೆ ಸ್ಕಾಟ್ಲೆಂಡೂ ಹೊರಬೇಕಲ್ಲ, ಅದಕ್ಕೆ ಪರಿಹಾರ. ಜೊತೆಗೆ ಡೇರಿಯನ್ ಷೇರುದಾರರಿಗೆ ಅಸಲು, ಶೇ. 5 ಬಡ್ಡಿ. ಆದರೆ ಎಲ್ಲರಿಗೂ ನಗದು ಸಿಗಲಿಲ್ಲ, ಕೆಲವರಿಗೆ ಸಾಲಪತ್ರ ಸಿಕ್ಕಿತು. ಆ ಸಾಲಪತ್ರದವರ ಕೂಟವೇ 1727ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಆಯಿತು. ನೋಟಿನ ಮೇಲಿದ್ದ ವಿಗ್ಗಿನ ಗಂಡಸು ಅದರ ಮೊದಲ ಗವರ್ನರ್, ಲಾರ್ಡ್ ಐಲೇ. ಒಂದು ದೇಶದ ಹೆಸರು ಬದಲಾದದ್ದಕ್ಕೆ ರಸೀದಿ ನನ್ನ ಕೈಯಲ್ಲೇ ಇತ್ತು, ನಾನು ವಾಪಸು ಕೊಟ್ಟಿದ್ದೆ.

ಐರ್ಲೆಂಡು 1801ರಲ್ಲಿ ಸೇರಿ "ಯುನೈಟೆಡ್ ಕಿಂಗ್‌ಡಮ್" ಎಂದು ಸೇರಿಕೊಂಡಿತು. ಅದರ ಬಹುಭಾಗ 1922ರಲ್ಲಿ ಹೊರಹೋಯಿತು. ಹೆಸರಿನಲ್ಲಿ "ಉತ್ತರ ಐರ್ಲೆಂಡ್" ಅಂತ ತಿದ್ದಿದ್ದು 1927ರಲ್ಲಿ. ವೇಲ್ಸಿನ ಹೆಸರಂತೂ ಎಲ್ಲೂ ಇಲ್ಲ, ಹದಿನಾರನೇ ಶತಮಾನದಲ್ಲೇ ಅದನ್ನು ಇಂಗ್ಲೆಂಡಿನ ಕಾನೂನಿಗೆ ಸೇರಿಸಿಬಿಟ್ಟಿದ್ದರು.

ನಮಗೆ ಮಾತ್ರ ಎಲ್ಲರೂ "ಇಂಗ್ಲಿಷರು", "ಆಂಗ್ಲರು". ಶಾಲೆಯಲ್ಲಿ ಆಂಗ್ಲೋ-ಮೈಸೂರು ಯುದ್ಧ ಎಂದು ಉರು ಹೊಡೆದವರು ನಾವು. 1799ರಲ್ಲಿ ಶ್ರೀರಂಗಪಟ್ಟಣದ ಗೋಡೆ ಹತ್ತಿದ ದಂಡಿನ ಮುಂದಿದ್ದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅದೇ ಊರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಗೆದ್ದ ಮೇಲೆ ಊರಿನ ಆಡಳಿತ ಅವನ ಕೈತಪ್ಪಿ ಸಿಕ್ಕಿದ್ದು ಡಬ್ಲಿನ್ನಿನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿಗೆ. ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು, ಕೆನರಾದ ಕಂದಾಯ ಕೂಡಿಹಾಕಿದ ಥಾಮಸ್ ಮನ್ರೋ ಗ್ಲಾಸ್ಗೋದವನು. ತಮ್ಮ ಪಾರ್ಲಿಮೆಂಟು ಕಳೆದುಕೊಂಡ ನಾಡಿನವರಿಗೆ ಕಂಪನಿಯ ನೌಕರಿಯ ಬಾಗಿಲು ತೆರೆದಿತ್ತು. ಆ ನೌಕರಿಯ ಲೆಕ್ಕ ಕಟ್ಟಿದವರು ನಮ್ಮವರು. ನಾವು ಎಲ್ಲವನ್ನೂ ಇಂಗ್ಲೆಂಡಿನ ಖಾತೆಗೆ ಬರೆದು ಸುಮ್ಮನಾದೆವು, ಸ್ಕಾಟ್ಲೆಂಡಿನವರಿಗೆ ಅದು ಅನುಕೂಲವೇ ಆಯಿತು ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ.

2014ರಲ್ಲಿ ಸ್ಕಾಟ್ಲೆಂಡು ಬೇರೆಯಾಗಬೇಕೇ ಅಂತ ಜನಮತ ಕೇಳಿದರು. ಆಗ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದ ವಿಷಯಗಳಲ್ಲೊಂದು ನಮ್ಮ ಮಾಟುಂಗಾದ ಹಿರಿಯರು ಕೇಳಿದ್ದೇ: ದುಡ್ಡು ಪೌಂಡೇ ತಾನೆ? ಬೇರೆಯಾದರೆ ಪೌಂಡನ್ನು ಹಂಚಿಕೊಳ್ಳುವುದಿಲ್ಲ ಎಂದು ಲಂಡನ್ನಿನ ಅರ್ಥಮಂತ್ರಿ ಹೇಳಿಬಿಟ್ಟರು. ಶೇ. 55 ಜನ ಬೇಡ ಅಂದರು.

ಆ ನಾಲ್ಕು ನೋಟನ್ನು ಮಗ ಮುಂದಿನ ಸಲ ಬಂದಾಗ ಅವನ ಕೈಗೇ ಕೊಟ್ಟೆ ಅಂತ ಹಿರಿಯರು ಆಮೇಲೆ ಸಿಕ್ಕಾಗ ಹೇಳಿದರು.