ನೌಕೆಯ ಎಡಮಗ್ಗುಲು

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡುವಾಗ ಎಂಟರ್‌ಪ್ರೈಸ್ ನೌಕೆ ಉಕ್ಕಿನದೆಂದೇ ನಂಬಿದ್ದೆ. ಅದು ಮರ, ಪ್ಲಾಸ್ಟಿಕ್, ತಗಡು ಸೇರಿಸಿ ಮಾಡಿದ ಸುಮಾರು 11 ಅಡಿಯ ಮಾದರಿ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ವಿನ್ಯಾಸಕಾರ ಮ್ಯಾಟ್ ಜೆಫ್ರೀಸ್ ಸ್ವತಃ ವಿಮಾನ ಹಾರಿಸುತ್ತಿದ್ದವರು. ರಿಪೇರಿಗೆಂದು ಯಾರೂ ಹೊರಗಿನ ಶೂನ್ಯಕ್ಕೆ ಇಳಿಯುವಂತಾಗಬಾರದು, ಯಂತ್ರಗಳೆಲ್ಲ ಒಳಗೇ ಇರಲಿ ಎಂಬುದು ಅವರ ತರ್ಕ. ಹೊರಮೈ ಅಷ್ಟು ನುಣುಪಾಗಿರುವುದು ಅದಕ್ಕೇ. ರಿಚರ್ಡ್ ಡೇಟಿನ್ ಉಸ್ತುವಾರಿಯಲ್ಲಿ 1964ರ ಕೊನೆಗೆ ಮಾದರಿ ಸಿದ್ಧವಾಯಿತು. ಆಮೇಲೆ ಒಳಗೆ ದೀಪ ಕೂರಿಸಿದರು. ವೈರುಗಳು ಎಡಮಗ್ಗುಲಿನಿಂದ ಹೊರಬಿದ್ದವು. ಹಾಗಾಗಿ ಕ್ಯಾಮೆರಾ ಬಲಮಗ್ಗುಲನ್ನೇ ನೋಡಿತು. ಎಡಮಗ್ಗುಲು ಬೇಕಾದರೆ? ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಂಟಿಸಿ, ಬಲಭಾಗವನ್ನೇ ಚಿತ್ರೀಕರಿಸಿ, ಫಿಲ್ಮನ್ನು ಮಗುಚಿದರು! ನಾಟಕದ ಪರದೆಯ ಹಿಂದೆ ಇಣುಕಿದವರಿಗೆ ಇದೇನೂ ಹೊಸತಲ್ಲ.

1974ರಲ್ಲಿ ಮಾದರಿ ಸ್ಮಿತ್ಸೋನಿಯನ್ ಸೇರಿತು. ಒಂದೊಂದು ದುರಸ್ತಿಯಲ್ಲೂ ಹೊಸ ಬಣ್ಣ ಬಳಿಸಿಕೊಂಡು ಹಳೆಯ ಮುಖವನ್ನೇ ಕಳೆದುಕೊಳ್ಳುತ್ತ ಬಂತು. 2016ರಲ್ಲಿ ಕೆಲಸ ಮುಗಿಸಿದ ತಂಡ ಗ್ರಂಥಸಂಪಾದಕರ ಹಾಗೆ ಮೂಲಪಾಠ ಹುಡುಕಿತು; ಅವರಿಗೆ ಬೇಕಿದ್ದದ್ದು 1967ರ ರೂಪ. ತಟ್ಟೆಯಂಥ ಮುಂಭಾಗದ ಮೇಲ್ಮೈಯಲ್ಲಿ ಮೂಲ ಬಣ್ಣ ಇನ್ನೂ ಉಳಿದಿತ್ತು. ಅದನ್ನು ಮುಟ್ಟದೆ, ಉಳಿದ ಮೈಯ ಬಣ್ಣವನ್ನು ಅದಕ್ಕೆ ಹೊಂದಿಸಿದರು.