ತಲುಪದೆ ಉಳಿದ ತಾಮ್ರ

ನಮೀಬಿಯಾದ ಅಟ್ಲಾಂಟಿಕ್ ತೀರದ ಉತ್ತರ ಭಾಗಕ್ಕೆ ‘ಸ್ಕೆಲಿಟನ್ ಕೋಸ್ಟ್’, ಅಂದರೆ ಅಸ್ಥಿಪಂಜರಗಳ ಕರಾವಳಿ ಎಂಬ ಹೆಸರಿದೆ. ಕೇಳಿದರೆ ನಾವಿಕರ ಕಾಲದ ಹಳೆಯ ಹೆಸರು ಅನ್ನಿಸುತ್ತದೆ, ಹಾಗೇನಿಲ್ಲ. 1942ರಲ್ಲಿ ಅಲ್ಲಿ ನೆಲಹತ್ತಿದ ‘ಡುನೆಡಿನ್ ಸ್ಟಾರ್’ ಹಡಗಿನ ಬಗ್ಗೆ ಜಾನ್ ಮಾರ್ಷ್ 1944ರಲ್ಲಿ ಬರೆದ ಪುಸ್ತಕದಿಂದ ಅದು ಜನಪ್ರಿಯವಾಯಿತು. ಆ ಹಡಗಿನಲ್ಲಿದ್ದ 106 ಮಂದಿಯೂ ಬದುಕಿದರು. ಸತ್ತವರು ಅವರನ್ನು ಕರೆತರಲು ಹೋದ ಟಗ್ ದೋಣಿಯ ಇಬ್ಬರು.

ದಕ್ಷಿಣದಿಂದ ಬರುವ ಬೆಂಗ್ವೆಲಾ ಶೀತಪ್ರವಾಹದ ಮೇಲೆ ತೇವದ ಗಾಳಿ ಹಾಯ್ದರೆ ಮಂಜು ಕವಿಯುತ್ತದೆ. ದಡ ಎಲ್ಲಿದೆಯೆಂದು ಕಾಣುವುದಿಲ್ಲ. ಅಲೆ ದೋಣಿಯನ್ನು ದಡಕ್ಕೆ ಎಸೆಯುತ್ತದೆ, ಮತ್ತೆ ಹುಟ್ಟು ಹಾಕಿ ಹೊರಡಲು ಬಿಡುವುದಿಲ್ಲ. ದಡ ಸೇರಿದವನ ಎದುರಿಗಿರುವುದು ನಮೀಬ್ ಮರುಭೂಮಿ.

ಈ ಮರುಭೂಮಿಯ ತೀರ ದಕ್ಷಿಣಕ್ಕೆ ಆರೆಂಜ್ ನದಿಯ ಅಳಿವೆಯವರೆಗೂ ಸಾಗುತ್ತದೆ. ಹದಿನಾರನೆಯ ಶತಮಾನದ ಪಶ್ಚಿಮ ಕರಾವಳಿಯ ವ್ಯಾಪಾರವನ್ನು ಅಭ್ಯಾಸ ಮಾಡುತ್ತಿರುವ ನನಗೆ ಮುಖ್ಯವಾದದ್ದು ಆ ತುದಿಯಲ್ಲಿ ಸಿಕ್ಕ ಹಡಗು. 2008ರ ಏಪ್ರಿಲ್‌ನಲ್ಲಿ ಒರಾನ್ಯೆಮುಂಡ್ ಊರಿನ ಬಳಿ, ಕಡಲನ್ನು ಮರಳಗೋಡೆಯಿಂದ ಹಿಂದೆ ತಳ್ಳಿ ವಜ್ರ ತೆಗೆಯುತ್ತಿದ್ದಲ್ಲಿ, ಅದರ ಅವಶೇಷ ಕಂಡಿತು. ಅದು 1533ರ ಮಾರ್ಚ್‌ನಲ್ಲಿ ಲಿಸ್ಬನ್‌ನಿಂದ ಭಾರತಕ್ಕೆ ಹೊರಟ ‘ಬೋಮ್ ಜೀಸಸ್’ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಮೂರನೆಯ ಜೋವಾವ್ ದೊರೆಯ ನಾಣ್ಯಗಳು ಆ ಕಾಲಕ್ಕೇ ಹೊಂದುತ್ತವೆ.

2000ಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಪತ್ರಿಕೆಗಳ ತಲೆಬರಹವಾದವು. ವಜ್ರದ ಗಣಿಯೆಂದು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಹೊರಗಿನವರಿಗೆ ನಿಷೇಧವಿದ್ದ ನೆಲ ಅದು, ಹಾಗಾಗಿ ಯಾರೂ ದೋಚಿರಲಿಲ್ಲ. ನನ್ನ ಕಣ್ಣು ಮಾತ್ರ ತಾಮ್ರದ ಮೇಲೆ. ಅರೆಗೋಳದಂಥ ಸುಮಾರು 1800 ಗಟ್ಟಿಗಳು, ಒಟ್ಟು 16 ಟನ್ನಿಗೂ ಹೆಚ್ಚು. ಅವುಗಳ ಮೇಲೆ ಆಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರ ತ್ರಿಶೂಲದ ಮುದ್ರೆ. ಲೋಹದ ಪರೀಕ್ಷೆ ಅದರ ಮೂಲವನ್ನು ಈಗಿನ ಸ್ಲೊವಾಕಿಯಾದ ಗಣಿಗಳಲ್ಲಿ ತೋರಿಸಿತು. ಮಲಬಾರಿನ ಮೆಣಸಿಗೆ ಪೋರ್ಚುಗೀಸರು ತೆರುತ್ತಿದ್ದ ಬೆಲೆಯಲ್ಲಿ ತಾಮ್ರದ್ದು ದೊಡ್ಡ ಪಾಲು.

ಹೀಗೆ ಬಂದ ತಾಮ್ರದ ಕುರುಹನ್ನು ನಮ್ಮ ಕರಾವಳಿಯಲ್ಲಿ ಹುಡುಕುವುದು ಹೇಗೆ? ಬಂದದ್ದೆಲ್ಲ ಕುಲುಮೆಗೆ ಹೋಯಿತು. ನಾಣ್ಯವಾಯಿತು, ಹಂಡೆಯಾಯಿತು, ಹಂಡೆ ಸವೆದಾಗ ಮತ್ತೆ ಕರಗಿ ಬೇರೊಂದಾಯಿತು. ಲಿಸ್ಬನ್ನಿನ ಕಾಸಾ ದ ಇಂಡಿಯಾದ ದಾಖಲೆಗಳು 1755ರ ಭೂಕಂಪದಲ್ಲಿ ನಾಶವಾದವು. ಕ್ಷೇಮವಾಗಿ ತಲುಪಿದ ಹಡಗುಗಳು ಹೊತ್ತು ತಂದದ್ದನ್ನು ನಾವು ಅಳಿದುಳಿದ ಲೆಕ್ಕಪತ್ರಗಳಿಂದ ಊಹಿಸಬೇಕು, ದಾರಿ ತಪ್ಪಿದ ಈ ಒಂದರದ್ದನ್ನು ಎಣಿಸಬಹುದು. ತೂಕದ ತಾಮ್ರ ಬಿದ್ದು ಮರಳಲ್ಲಿ ಹೂತದ್ದರಿಂದಲೇ ಅದರಡಿಯ ಎಷ್ಟೋ ವಸ್ತುಗಳು ಅಲೆಗೆ ಸಿಗದೆ ಉಳಿದವು.

ಅವುಗಳ ನಡುವೆ ನೂರಕ್ಕೂ ಹೆಚ್ಚು ಆನೆದಂತಗಳಿದ್ದವು. 2020ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಅವು ಪಶ್ಚಿಮ ಆಫ್ರಿಕಾದ ಕಾಡಾನೆಗಳವು, ಕನಿಷ್ಠ 17 ಹಿಂಡುಗಳಿಗೆ ಸೇರಿದವು. ಆನೆಗಳ ವಂಶಾವಳಿ ಇಷ್ಟು ವಿವರವಾಗಿ ಸಿಕ್ಕಿದೆ. ಹಡಗಿನ ಜನರದ್ದೆಂದು ಸಿಕ್ಕಿದ್ದು, ಮರದ ತೊಲೆಗಳ ಕೆಳಗೆ ಸಿಲುಕಿದ್ದ ಒಂದು ಪಾದರಕ್ಷೆಯೊಳಗಿನ ಕೆಲವು ಕಾಲ್ಬೆರಳ ಮೂಳೆಗಳು.