ಬುತ್ತಿ ಗಂಟಿನಿಂದ ಗೋಬಿ ಪ್ಲೇಟಿನವರೆಗೆ



ಇಂದು ಬೆಳಿಗ್ಗೆ ಮನೆ ಬಿಡುವಾಗ ನೀವು ಏನು ತಿಂದಿರಿ? ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಆಗಾಗ ಕೇಳುತ್ತೇನೆ. ಕದರಮಂಡಲಗಿ ಕಡೆಯಿಂದ ಬ್ಯಾಡಗಿಗೋ ರಾಣೇಬೆನ್ನೂರಿಗೋ ಕಾಲೇಜಿಗೆ ಬರುವ ಮಕ್ಕಳಿಂದ ಬರುವ ಉತ್ತರ ಹೆಚ್ಚಾಗಿ ಒಂದೇ: "ಚಹಾ ಕುಡದ ಬಂದೀನ್ರಿ ಸರ್." ಕೆಲವರು ಚಹಾದ ಜೊತೆ ಎರಡು ಬಿಸ್ಕಿಟು ಎನ್ನುತ್ತಾರೆ. ಹೆಣ್ಣುಮಕ್ಕಳು ಸುಮ್ಮನೆ ನಗುತ್ತಾರೆ. ಆ ನಗುವಿನ ಅರ್ಥ, ಚಹಾ ಕೂಡ ಇಲ್ಲ ಎಂದು.

ಇದನ್ನು ಆರೋಗ್ಯದ ವಿಷಯ, ಡಾಕ್ಟರರು ಬರೆಯಬೇಕಾದದ್ದು ಎಂದು ನೀವು ಹೇಳಬಹುದು. ನಾನು ಇತಿಹಾಸದ ಮೇಷ್ಟ್ರು. ಆದರೆ ವಿದ್ಯಾರ್ಥಿಯ ತಟ್ಟೆಗೂ ಒಂದು ಇತಿಹಾಸವಿದೆ. ಆ ತಟ್ಟೆಯಲ್ಲಿ ಏನಿರಬೇಕು ಎಂಬುದನ್ನು ವಿದ್ಯಾರ್ಥಿಯ ನಾಲಿಗೆ ನಿರ್ಧರಿಸಿದ್ದು ಕಡಿಮೆ. ಯಾರು ಅಡುಗೆ ಮಾಡುತ್ತಾರೆ, ಯಾರು ಹಣ ಕೊಡುತ್ತಾರೆ, ಯಾವ ಕಾಳಿಗೆ ಮರ್ಯಾದೆ ಇದೆ ಎಂಬುದೇ ಅದನ್ನು ನಿರ್ಧರಿಸುತ್ತಾ ಬಂದಿದೆ.

ಕದರಮಂಡಲಗಿಯಿಂದಲೇ ಆರಂಭಿಸೋಣ. ಈ ಊರಿನ ಹೆಸರು ನಾಡಿಗೆಲ್ಲ ಗೊತ್ತಿರುವುದು ಕಾಂತೇಶನೆಂದು ಕರೆಯುವ ಆಂಜನೇಯನ ಗುಡಿಯಿಂದ. 16ನೆಯ ಶತಮಾನದ ಕನಕದಾಸರು ಇಲ್ಲಿ ಕೆಲಕಾಲ ಇದ್ದರು, ‘ಮೋಹನತರಂಗಿಣಿ’ಯನ್ನು ಇಲ್ಲಿಯೇ ಬರೆದರು ಎಂಬ ಪ್ರತೀತಿ ಇದೆ. ಅವರು ಹುಟ್ಟಿದ ಬಾಡ, ನೆಲೆಸಿದ ಕಾಗಿನೆಲೆ ಎರಡೂ ಇಂದಿನ ಹಾವೇರಿ ಜಿಲ್ಲೆಯಲ್ಲೇ ಇವೆ. ಕನಕದಾಸರು ಬರೆದ ಇನ್ನೊಂದು ಕಾವ್ಯ ‘ರಾಮಧಾನ್ಯ ಚರಿತ್ರೆ’. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳ, ತಮ್ಮಲ್ಲಿ ಯಾರು ಶ್ರೇಷ್ಠರು ಎಂದು. ಅಕ್ಕಿ ತಾನು ದೇವರ ನೈವೇದ್ಯಕ್ಕೆ, ದೊಡ್ಡವರ ಪಂಕ್ತಿಗೆ ಸಲ್ಲುವವನು ಎಂದು ಬೀಗುತ್ತದೆ. ಬರಗಾಲದಲ್ಲಿ ಬಡವರ ಜೀವ ಉಳಿಸುವವನು ನಾನು ಎಂದು ರಾಗಿ ಹೇಳುತ್ತದೆ. ತೀರ್ಮಾನಕ್ಕಾಗಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಲಾಗುತ್ತದೆ. ಹೊರಗೆ ಬಂದಾಗ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಮನು ರಾಗಿಗೆ ತನ್ನ ಹೆಸರನ್ನೇ ಕೊಟ್ಟು ಮನ್ನಿಸುತ್ತಾನೆ.

ಈ ಕಾವ್ಯವನ್ನು ಜಾತಿಯ ಮೇಲು-ಕೀಳಿನ ವಿಡಂಬನೆಯಾಗಿ ಓದುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಅದನ್ನು ನೇರವಾಗಿ ಊಟದ ಇತಿಹಾಸವಾಗಿಯೂ ಓದಬಹುದು. ಕಾಳುಗಳಲ್ಲಿ ಮೇಲು ಕೀಳು ಎಂಬುದು ಆಗಲೇ ಇತ್ತು. ನಮ್ಮ ಸೀಮೆಯಲ್ಲಿ ರಾಗಿಗಿಂತ ಜೋಳ ಹೆಚ್ಚು, ಜೊತೆಗೆ ನವಣೆ, ಸಾವಿ. ಅನ್ನ ಎಂದರೆ ಹಬ್ಬ, ಮದುವೆ, ಬೀಗರು ಬಂದ ದಿನ. ನಮ್ಮ ಮನೆಗಳಲ್ಲಿಯೂ ಈದಿಗೊಮ್ಮೆ, ಶಾದಿಗೊಮ್ಮೆ ಮಾತ್ರ ಅಕ್ಕಿಯ ಡೇಗು ಒಲೆ ಏರುತ್ತಿತ್ತು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಉಳಿದ ದಿನ ಎಲ್ಲರಂತೆ ರೊಟ್ಟಿ.

ಇನ್ನು ವಿದ್ಯಾರ್ಥಿಗಳ ಕಡೆ ಬರೋಣ. ಊರು ಬಿಟ್ಟು ಓದಲು ಹೋದವನ ಮೊದಲ ಚಿಂತೆ ಫೀಸಲ್ಲ, ಊಟ. ಹಿಂದೆ ಇದಕ್ಕೆ ಇದ್ದ ಒಂದು ದಾರಿ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ. ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಈ ಬದುಕನ್ನು ಬರೆದಿದ್ದಾರೆ. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಈ ಪದ್ಧತಿಯಲ್ಲಿ ಬಾಗಿಲು ತೆರೆಯುತ್ತಿದ್ದದ್ದು ಸಾಮಾನ್ಯವಾಗಿ ಸ್ವಜಾತಿಯವರಿಗೆ ಮಾತ್ರ. ಒಕ್ಕಲಿಗನ ಮಗ, ಕುರುಬರ ಮಗ, ಪಿಂಜಾರರ ಮಗ ಎಲ್ಲಿ ಉಣ್ಣಬೇಕು? ಈ ಪ್ರಶ್ನೆಯಿಂದಲೇ ನಮ್ಮಲ್ಲಿ ವಿದ್ಯಾರ್ಥಿನಿಲಯಗಳ ಚಳವಳಿ ಹುಟ್ಟಿತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಕಾಲದ ಆಸುಪಾಸಿನಲ್ಲಿ ಮುರುಘಾಮಠದಂಥ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸತೊಡಗಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಮುದ್ದೆ ಉಂಡರು. ಅಂಜುಮನ್ ಸಂಸ್ಥೆಗಳೂ ಶಾಲೆಯ ಜೊತೆಗೆ ಊಟ-ವಸತಿಯ ಚಿಂತೆ ಮಾಡಿದವು; 1919ರಲ್ಲಿ ಸ್ಥಾಪನೆಯಾದ ಭಟ್ಕಳದ ಅಂಜುಮನ್ ನಮಗೆಲ್ಲ ಪರಿಚಿತ. 1972ರಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಆಯೋಗ ನೇಮಿಸಿತು. ಅದರ ಅಧ್ಯಕ್ಷರು ನಮ್ಮ ರಾಣೇಬೆನ್ನೂರಿನವರೇ ಆದ ಎಲ್.ಜಿ. ಹಾವನೂರರು, ವರದಿ ಬಂದದ್ದು 1975ರಲ್ಲಿ. ಆ ದಶಕದಲ್ಲಿ ಸರ್ಕಾರಿ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೂ ಹಬ್ಬಿದವು. ಪುಸ್ತಕಕ್ಕಿಂತ ಮೊದಲು ಗಂಜಿ ಬೇಕು ಎಂಬುದನ್ನು ಈ ಹಿರಿಯರೆಲ್ಲ ಅರಿತಿದ್ದರು.

ಆದರೆ ನಮ್ಮ ಉತ್ತರ ಕರ್ನಾಟಕದ ಸ್ವಂತ ಏರ್ಪಾಡು ಬೇರೆಯೇ ಇತ್ತು: ಬುತ್ತಿ. ಹುಬ್ಬಳ್ಳಿ, ಧಾರವಾಡ, ವಿಜಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಹುಡುಗರಿಗೆ ಹಳ್ಳಿಯಿಂದ ಬುತ್ತಿ ಗಂಟು ಬಸ್ಸಿನಲ್ಲಿ ಬರುತ್ತಿತ್ತು. ತಾಯಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಕಟ್ಟಿ, ಚೀಟಿ ಹಚ್ಚಿ ಕಂಡಕ್ಟರನ ಕೈಗೆ ಕೊಡುವಳು. ಮಗ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು ಇಳಿಸಿಕೊಳ್ಳುವನು. ಖಾಲಿ ಗಂಟು ಅದೇ ಬಸ್ಸಿನಲ್ಲಿ ಹಿಂದಕ್ಕೆ. ರಶೀದಿ ಇಲ್ಲ, ಲಗೇಜ್ ಚಾರ್ಜು ಇಲ್ಲ. ನಾನೂ ಹಾಗೆ ಕಾದವನೇ. ಒಮ್ಮೊಮ್ಮೆ ಗಂಟು ಅದಲುಬದಲಾಗಿ ಯಾರದೋ ಮನೆಯ ಪುಂಡಿಪಲ್ಯ ನಮ್ಮ ಪಾಲಿಗೆ ಬರುತ್ತಿತ್ತು. ಅದರ ರುಚಿಯೇ ಹೆಚ್ಚು.

ಆ ಗಂಟನ್ನು ಬಿಚ್ಚಿ ನೋಡೋಣ. ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮೊದಲೆರಡು ದಿನಕ್ಕೆ ಕಾಳುಪಲ್ಯ, ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು, ಎರಡು ಉಳ್ಳಾಗಡ್ಡಿ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು, ಕಬ್ಬಿಣ ಹಲವು ಪಟ್ಟು ಹೆಚ್ಚು. ಶೇಂಗಾ, ಗುರೆಳ್ಳು, ಕಾಳುಗಳಲ್ಲಿ ಪ್ರೋಟೀನು. ಮೊಸರಿನಲ್ಲಿ ಸುಣ್ಣದ ಅಂಶ. ಇಷ್ಟೆಲ್ಲ ಲೆಕ್ಕ ಆ ತಾಯಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಆದರೆ ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. ಜೋಳವೊಂದನ್ನೇ ನಂಬಿ, ಹಾಲು-ಬೇಳೆ ಕಾಣದೆ ಬದುಕಿದ ದಖ್ಖನಿನ ಬಡವರಲ್ಲಿ ಪೆಲಾಗ್ರ ಎಂಬ ಚರ್ಮದ, ನರದ ರೋಗ ಇತ್ತು. ಹೈದರಾಬಾದಿನ ಪೌಷ್ಟಿಕತೆಯ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಇದರ ಕಾರಣ ಹುಡುಕಿದರು. ಗಂಟಿನಲ್ಲಿ ರೊಟ್ಟಿಯಷ್ಟೇ ಇದ್ದವನ ಆರೋಗ್ಯ ಬೇರೆ, ಶೇಂಗಾ ಚಟ್ನಿ, ಮೊಸರು ಇದ್ದವನ ಆರೋಗ್ಯ ಬೇರೆ. ಬಡತನಕ್ಕೆ ಪರಂಪರೆಯ ಹೆಸರು ಕೊಟ್ಟು ಹೊಗಳಬಾರದು.

ಅಕ್ಕಿಯ ಬಗ್ಗೆಯೂ ವಿಜ್ಞಾನ ಇಂಥದೇ ಪಾಠ ಕಲಿಸಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಹಾಕಿದರೆ ಎದ್ದು ಓಡಾಡುವುದನ್ನೂ ಕಂಡ. ಬೆರಿಬೆರಿ ರೋಗದ ಗುಟ್ಟು ಬಯಲಾದದ್ದು ಹಾಗೆ. 1929ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತ್ಯದವರ ಊಟವನ್ನು ಇಲಿಗಳಿಗೆ ಹಾಕಿ ಪರೀಕ್ಷಿಸಿದ. ಇಡಿ ಗೋಧಿ ರೊಟ್ಟಿ, ಹಾಲು, ಬೇಳೆ, ಸೊಪ್ಪು ತಿಂದ ಇಲಿಗಳು ದಷ್ಟಪುಷ್ಟವಾದವು. ಪಾಲಿಶ್ ಅಕ್ಕಿಯ ಊಟದ ಇಲಿಗಳು ಎಲ್ಲಕ್ಕಿಂತ ಹಿಂದೆ ಬಿದ್ದವು. ಕನಕದಾಸರ ಸೆರೆಮನೆಯ ತೀರ್ಪೂ ಇದೇ ಅಲ್ಲವೇ!

ಹಾಗಾದರೆ ರೊಟ್ಟಿ ನಮ್ಮ ತಟ್ಟೆಯಿಂದ ಸರಿದದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. 1954ರ ಪಿ.ಎಲ್. 480 ಕಾಯ್ದೆಯಡಿ ಅಮೆರಿಕದ ಗೋಧಿ ಹಡಗು ಹಡಗು ಬಂತು. ನಿಮ್ಮ ತಂದೆ-ತಾಯಿ ಅಥವಾ ಅಜ್ಜ-ಅಜ್ಜಿಯನ್ನು ಕೇಳಿ ನೋಡಿ, ಶಾಲೆಯಲ್ಲಿ ತಿಂದ ‘ಕೇರ್’ ಉಪ್ಪಿಟ್ಟಿನ ನೆನಪು ಅವರಿಗೆ ಇದ್ದೀತು. ಅಮೆರಿಕದ ಗೋಧಿ ನುಚ್ಚು, ಹಾಲಿನ ಪುಡಿ. ಆಮೇಲೆ ಹಸಿರು ಕ್ರಾಂತಿ, ನ್ಯಾಯಬೆಲೆ ಅಂಗಡಿಯ ಅಕ್ಕಿ. 2013ರ ಅನ್ನಭಾಗ್ಯದ ನಂತರ ಬಡವರ ಮನೆಯಲ್ಲಿಯೂ ಮೂರು ಹೊತ್ತು ಅನ್ನ ಸಾಧ್ಯವಾಯಿತು. ಹಸಿದವರಿಗೆ ಅನ್ನ ಸಿಕ್ಕಿದ್ದನ್ನು ನಾನು ಹಳಿಯುವವನಲ್ಲ. ಹಬ್ಬದ ದಿನ ಮಾತ್ರ ಅನ್ನ ಕಂಡವರ ಮೊಮ್ಮಗ ನಾನು. ಆದರೆ ಹೊಲ ಮತ್ತು ತಟ್ಟೆಯ ಸಂಬಂಧ ಅಲ್ಲಿ ಕಡಿಯಿತು. ಇಂದು ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಯ ಮಳೆಗಾಲದ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಅದು ಹೋಗುವುದು ಹೆಚ್ಚಾಗಿ ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ. ಬೆಳೆದವರ ಮಕ್ಕಳು ಪೇಟೆಯಿಂದ ಬಂದದ್ದನ್ನು ತಿನ್ನುತ್ತಾರೆ.

ಇದಕ್ಕಿಂತ ದೊಡ್ಡ ವಿಪರ್ಯಾಸ ನಮ್ಮ ಮೆಣಸಿನಕಾಯಿಯದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು; ಅದರ ಹೆಚ್ಚುಗಾರಿಕೆಯೇ ಅದು. ಕಾರ್ಖಾನೆಗಳಲ್ಲಿ ಅದರ ಕೆಂಪು ಸಾರ ತೆಗೆದು ಆಹಾರಕ್ಕೆ ಸಹಜ ಬಣ್ಣವಾಗಿ ಹೊರದೇಶಗಳಿಗೆ ಕಳಿಸುತ್ತಾರೆ. ಇತ್ತ ನಮ್ಮ ಕಾಲೇಜುಗಳ ಗೇಟಿನ ಮುಂದೆ ಗೋಬಿ ಮಂಚೂರಿ ಗಾಡಿಗಳು. ಆ ಗೋಬಿಯ ಕೆಂಪು ಎಲ್ಲಿಂದ ಬಂತು? 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಣ್ಣ ಪತ್ತೆಯಾಗಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಜಗತ್ತಿಗೇ ಒಳ್ಳೆಯ ಕೆಂಪು ಕಳಿಸುವ ಸೀಮೆಯ ಮಕ್ಕಳು ಕೆಟ್ಟ ಕೆಂಪು ತಿನ್ನುತ್ತಿದ್ದರು! ಗೋಬಿ ತಿನ್ನಲೇಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಕಾಲೇಜು ಆವರಣದಲ್ಲಿ ಜಂಕ್ ಫುಡ್ ಮಾರಬೇಡಿ ಎಂದು ಯು.ಜಿ.ಸಿ. 2016ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ಸುತ್ತೋಲೆ ಗೇಟಿನ ಒಳಗೆ, ಗಾಡಿ ಗೇಟಿನ ಹೊರಗೆ.

ಈಗ ಹೆಣ್ಣುಮಕ್ಕಳ ಆ ನಗುವಿನ ಕಡೆ ಬರುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಅಂದರೆ ಒಂದು ಬೆಂಚಿನಲ್ಲಿ ಇಬ್ಬರು ಕುಳಿತಿದ್ದರೆ ಒಬ್ಬಳು. ತರಗತಿಯಲ್ಲಿ ನಿದ್ದೆ ಬರುವುದು, ಓದಿದ್ದು ನಿಲ್ಲದಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸೋಮಾರಿತನವಲ್ಲ, ಅನೇಕ ಸಲ ಇದೇ. ನಾವು ಮೇಷ್ಟ್ರುಗಳು ಅದನ್ನು ಗೈರುಹಾಜರಿ ಎಂದು ಬರೆದುಕೊಳ್ಳುತ್ತೇವೆ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣ ಮೈಗೆ ಕಡಿಮೆ ಹತ್ತುತ್ತದೆ. ಲಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಇಷ್ಟು ಸಣ್ಣ ಮಾತೂ ಎಷ್ಟೋ ಮನೆಗಳಿಗೆ ತಲುಪಿಲ್ಲ. ರಂಜಾನ್ ತಿಂಗಳಲ್ಲಿ ರೂಮಿನಲ್ಲಿರುವ ಮಕ್ಕಳ ಸೆಹರಿ ನೋಡಿ: ಎರಡು ನಿಮಿಷದ ನೂಡಲ್ಸು, ಮೇಲೆ ಚಹಾ. ಇಫ್ತಾರಿಗೆ ಎಣ್ಣೆಯ ಭಜಿ, ಬಣ್ಣದ ಶರಬತ್ತು. ನಡುವೆ ಹದಿಮೂರು ಹದಿನಾಲ್ಕು ತಾಸು. ನಮ್ಮ ಅಜ್ಜಿಯರು ಸೆಹರಿಗೆ ರೊಟ್ಟಿ-ಮೊಸರು ಕೊಡುತ್ತಿದ್ದರು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ 2003ರಲ್ಲಿ ಉಳಿದೆಡೆ ಬಂತು, ಮುಂದೆ ಹತ್ತನೆಯ ತರಗತಿಯವರೆಗೂ ಬೆಳೆಯಿತು. 2013ರಲ್ಲಿ ಹಾಲು ಸೇರಿತು, ಆಮೇಲೆ ಮೊಟ್ಟೆ. ಆದರೆ ಇಷ್ಟು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ದಿನವೇ ಆ ತಟ್ಟೆಯೂ ಮುಗಿಯುತ್ತಾ ಬಂತು. ಹದಿನಾರು ವಯಸ್ಸು, ಮೈಗೆ ಕಬ್ಬಿಣ ಅತಿ ಹೆಚ್ಚು ಬೇಕಾದ ಕಾಲ. ಅದೇ ಜೂನಿನಲ್ಲಿ ಹುಡುಗಿ ಪಿಯುಸಿಗೆಂದು ಹಳ್ಳಿ ಬಿಟ್ಟು ಮೊದಲ ಬಸ್ಸು ಹತ್ತುತ್ತಾಳೆ. 2023ರಿಂದ ಅವಳಿಗೆ ಬಸ್ ಟಿಕೆಟ್ ಪುಕ್ಕಟೆ. ಬುತ್ತಿಯ ಡಬ್ಬಿ ಮಾತ್ರ ಕೈಯಲ್ಲಿಲ್ಲ.

ಡಬ್ಬಿ ಏಕಿಲ್ಲ ಎಂದು ಒಬ್ಬಳನ್ನು ಕೇಳಿದೆ. ಮನೆಯಲ್ಲಿ ರೊಟ್ಟಿ ಮಾಡುತ್ತಾರೆ, ಆದರೆ ಕ್ಲಾಸಿನಲ್ಲಿ ಎಲ್ಲರೂ ಪುಲಾವು, ಫ್ರೈಡ್ ರೈಸು ತರುತ್ತಾರೆ, ರೊಟ್ಟಿ ತೆಗೆಯಲು ನಾಚಿಕೆ ಸರ್ ಎಂದಳು. ಕನಕದಾಸರ ಅಕ್ಕಿ ಇನ್ನೂ ಬೀಗುತ್ತಲೇ ಇದೆ! ನಾನು ಏನೂ ಹೇಳಲಿಲ್ಲ. ಮರುದಿನ ನನ್ನ ಡಬ್ಬಿಯನ್ನು ಸ್ಟಾಫ್ ರೂಮಿನ ಬದಲು ತರಗತಿಗೇ ಒಯ್ದು ಮೇಜಿನ ಮೇಲೆ ಬಿಚ್ಚಿದೆ: ಎರಡು ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಗುರೆಳ್ಳಿನ ವಾಸನೆ ಕೊನೆಯ ಬೆಂಚಿನವರೆಗೆ ಹೋಯಿತು. ಒಂದು ವಾರದಲ್ಲಿ ಐದಾರು ರೊಟ್ಟಿ ಡಬ್ಬಿಗಳು ಬಂದವು. ನನ್ನ ಚಟ್ನಿ ಮಾತ್ರ ಆ ನಂತರ ಒಂದು ದಿನವೂ ನನಗೆ ಪೂರ್ತಿ ಸಿಕ್ಕಿಲ್ಲ.